ಮಡಚಬಾರದ ಪರದೆ

ಇಪ್ಪತ್ತೆರಡು ವರ್ಷದ ಪತ್ತೇದಾರಿಕೆಯಲ್ಲಿ ನಾನು ನಾಲ್ಕು ಸಾವಿರದ ಹದಿನಾರು ಕಳ್ಳತನಗಳನ್ನು ಪತ್ತೆ ಮಾಡಿದ್ದೇನೆ. ಅದರಲ್ಲಿ ಮುನ್ನೂರನ್ನು, ಕಳ್ಳತನ ನಡೆಯುವುದಕ್ಕೆ ಮುಂಚೆಯೇ. ಕುಣಿಗಲ್ಲಿನಲ್ಲಿ ಒಮ್ಮೆ ಒಂದು ಕುದುರೆ ನನ್ನ ಮುಖ ನೋಡಿದ್ದೇ ಕಣ್ಣೀರಿಟ್ಟು, ಮುಂಗಾಲೆತ್ತಿ ತನ್ನ ಯಜಮಾನನ ಕಡೆಗೆ ತೋರಿಸಿತು. ಅವನು ಅಲ್ಲೇ ತಪ್ಪೊಪ್ಪಿಕೊಂಡ.

ಇಂಥ ನಾನು, ಹುಲಿಯೂರುದುರ್ಗದ ಕನಕರಾಜು, ಆ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ತುಮಕೂರಿನ ಸುವರ್ಣ ಕಲಾಭವನದ ರಂಗದ ಮೇಲೆ ಕಾಲಿಟ್ಟಾಗ ಕೆಳಗಿನ ಹಲಗೆ ಕಿರ್ರೆಂದಿತು. ನನಗೆ ಹೆದರಿ ಅಲ್ಲ. ಮೂರು ತಿಂಗಳ ಹಿಂದೆ ಹಾಕಿದ ಹಲಗೆ ಅದು, ಆಗಲೇ ಸೊಟ್ಟಗಾಗಿತ್ತು.

"ರೀ ಕನಕರಾಜು, ಐದು ಗಂಟೆವರೆಗೆ ಟೈಮ್ ಕೊಟ್ಟಿದೀನಿ," ಅಂದರು ಇನ್ಸ್‌ಪೆಕ್ಟರ್ ನಾಗಭೂಷಣ್. "ಆಮೇಲೆ ಈ ಮುದುಕನನ್ನ ಕೋರ್ಟಿಗೆ ಹಾಜರು ಮಾಡ್ತೀನಿ. ನಿಮ್ಮ ಹರಿಕಥೆ ಕೇಳ್ಕೊಂಡು ಕೂರೋಕೆ ನಂಗೆ ಬೇರೆ ಕೆಲಸ ಇಲ್ವಾ?"

ಮುದುಕ ಅಂದರೆ ಚಿಕ್ಕಬೀರಯ್ಯ. ಗುಬ್ಬಿಯ ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಪರದೆ ಎಳೆದವನು. ಭಾನುವಾರ ಸಂಜೆ ಇಲ್ಲಿ ಉದ್ಘಾಟನೆಗೆ ಮುಂಚಿನ ಪ್ರಾಯೋಗಿಕ ನಾಟಕ ನಡೆಯುತ್ತಿದ್ದಾಗಲೇ, ಉದ್ಘಾಟನೆಗೆಂದು ಕಟ್ಟಡದ ಹಿಂದಿನ ಕೋಣೆಯಲ್ಲಿ ಇಟ್ಟಿದ್ದ ನೂರು ವರ್ಷ ಹಳೆಯ ದರ್ಬಾರ್ ಪರದೆ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ, ಕೀಲಿಕೈ ಬೀರಯ್ಯನ ಬಳಿ ಇತ್ತು. ಅಷ್ಟು ಸಾಕಾಯಿತು ಪೊಲೀಸರಿಗೆ.

ಈಗ ಅವನು ರಂಗದ ಅಂಚಿನಲ್ಲಿ, ಕಾನ್‌ಸ್ಟೇಬಲ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ರಾತ್ರಿಯಿಂದ ಒಂದೇ ಒಂದು ಮಾತು ಆಡಿದ್ದ: "ಕೀಲಿಕೈ ನನ್ ಕಣ್ಮುಂದೇನೇ ಇತ್ತು." ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವ ಮಾತು.

ಎದುರಿನ ಮೊದಲ ಸಾಲಿನಲ್ಲಿ ಗಂಗಾಂಬಿಕೆ. ಎಪ್ಪತ್ತರ ಹತ್ತಿರದ ನಟಿ. ಪರದೆ ಇವರದು, ತಾತನ ಕಂಪನಿಯಿಂದ ಬಂದದ್ದು. ಬೀರಯ್ಯ ಇವರ ಕಂಪನಿಯಲ್ಲೇ ಬೆಳೆದವನು.

ಇನ್ನೊಂದು ಕುರ್ಚಿಯಲ್ಲಿ, ಅಲ್ಲ, ಎರಡು ಕುರ್ಚಿಯಲ್ಲಿ, ಸದಾಶಿವಯ್ಯ. ಕಲಾಭವನ ಸಮಿತಿಯ ಅಧ್ಯಕ್ಷ. ಕಟ್ಟಡದ ಕಂಟ್ರಾಕ್ಟರೂ ಅವರೇ. ಪ್ಲಾನ್ ಬರೆದವರೂ ಅವರೇ ಅಂತ ಹೇಳಿಕೊಳ್ಳುತ್ತಿದ್ದರು, ಅದು ನಾಚಿಕೆಪಡಬೇಕಾದ ವಿಷಯ ಅಂತ ಯಾರೂ ಹೇಳಿರಲಿಲ್ಲ.

ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಹೆಸರಿನಲ್ಲಿ ಎದ್ದ ಕಟ್ಟಡ ಇದು. ನಾನು ಲಂಡನ್ನು, ಪ್ಯಾರಿಸ್ಸು, ಸಿ.ಎಸ್. ಪುರ ಎಲ್ಲಾ ಕಡೆಯ ರಂಗಮಂದಿರ ನೋಡಿದವನು. ಇಂಥದ್ದನ್ನು ನೋಡಿಲ್ಲ. ಸದಾಶಿವಯ್ಯ ಹುಟ್ಟಿದಾಗಿನಿಂದ ಕಟ್ಟಿದ್ದು ಕಲ್ಯಾಣಮಂಟಪ. ನಾಟಕಕ್ಕೂ ಅದನ್ನೇ ಕಟ್ಟಿದರು. ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಕನ್ನಡಿ ಒಂದೂ ಇಲ್ಲ, ಕೈ ತೊಳೆಯುವ ನಲ್ಲಿ ಹದಿನಾರು. ಪರದೆ ಇಟ್ಟಿದ್ದ ಕೋಣೆ ಅಡಿಗೆಮನೆ, ಒಲೆ ಹಾಕುವ ಕಟ್ಟೆ ಹಾಗೇ ಇದೆ. ರಂಗದ ಹಿಂಗೋಡೆ ಗಟ್ಟಿಯಾಗಿ ಮುಚ್ಚಿದೆ, ಹಿಂದೆ ಓಡಾಡಲು ದಾರಿಯಿಲ್ಲ. ಎಡಗಡೆ ಹೋದ ಪಾತ್ರ ಬಲಗಡೆಯಿಂದ ಬರಬೇಕಾದರೆ ಹೊರಗೆ ಇಳಿದು, ಕಾಂಪೌಂಡ್ ಪಕ್ಕದ ಸಂದಿಯಲ್ಲಿ ಓಡಿ, ಇಡೀ ಕಟ್ಟಡ ಸುತ್ತಬೇಕು. ಭಾನುವಾರ ಮಂತ್ರಿಯ ಪಾತ್ರಧಾರಿ ಕಿರೀಟ ಹಿಡಿದುಕೊಂಡು ಓಡುವುದನ್ನು ನೋಡಿ ರಸ್ತೆಯ ನಾಯಿ ಅಟ್ಟಿಸಿಕೊಂಡು ಬಂದಿತ್ತಂತೆ.

ಪರದೆಗೆ ಮೋಟಾರ್ ಹಾಕಿಸಿದ್ದರು, ಗುಂಡಿ ಒತ್ತಿದರೆ ಮೇಲೆ, ಒತ್ತಿದರೆ ಕೆಳಗೆ. ಎರಡನೇ ದಿನವೇ ಹೊಗೆ ಬಂತು. ಆಗ ನೆನಪಾದ ಚಿಕ್ಕಬೀರಯ್ಯ. ಗುಬ್ಬಿಯಿಂದ ಬಸ್ಸು ಹತ್ತಿ ಬಂದು, ಎಡಗಡೆಯ ಸೈಡ್‌ವಿಂಗಿನಲ್ಲಿ ಹಗ್ಗ ಕಟ್ಟಿಕೊಂಡು ನಿಂತ.

"ಶುರು ಮಾಡ್ರೀ," ಅಂದರು ನಾಗಭೂಷಣ್, ವಾಚು ನೋಡಿ.

ನಾನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ನಿಧಾನವಾಗಿ ಬಿಚ್ಚಿದೆ. ಒಳಗೆ ಉಗುರಿನಷ್ಟಗಲದ ಚಕ್ಕೆಗಳು. ನೀಲಿ, ಕೆಂಪು, ಸ್ವಲ್ಪ ಚಿನ್ನದ ಬಣ್ಣ.

"ಏನಯ್ಯಾ ಅದು, ಕುಂಕುಮಾನಾ?" ಅಂದರು ಸದಾಶಿವಯ್ಯ.

"ಪರದೆಯ ಬಣ್ಣ, ಸದಾಶಿವಯ್ಯನವರೇ. ಹಿಂದಿನ ಕೋಣೆಯ ನೆಲದಲ್ಲಿ ಸಿಕ್ಕಿದ್ದು. ಹರಡಿ ಬಿದ್ದಿರಲಿಲ್ಲ. ಗೆರೆ ಎಳೆದ ಹಾಗೆ, ನೆಟ್ಟಗೆ ನಾಲ್ಕು ಸಾಲು. ಪಕ್ಕದಲ್ಲೇ ಇಪ್ಪತ್ನಾಲ್ಕು ಅಡಿಯ ಬಿದಿರು ಗಳ, ಬರಿದು. ಪರದೆಯನ್ನ ಗಳದಿಂದ ಬಿಚ್ಚಿ, ನೆಲದ ಮೇಲೆ ಹಾಸಿ, ನಾಲ್ಕು ಸಲ ಮಡಚಿದಾರೆ."

ಚಿಕ್ಕಬೀರಯ್ಯ ತಲೆ ಎತ್ತಿದ. "ಮಡಚವ್ರಾ?"

ರಾತ್ರಿಯಿಂದ ಅವನ ಬಾಯಲ್ಲಿ ಒಂದೇ ಮಾತು ಕೇಳಿದ್ದ ಕಾನ್‌ಸ್ಟೇಬಲ್ ಬೆಚ್ಚಿದ.

"ಮಡಚವ್ರಾ ಸ್ವಾಮಿ? ಸೀರೆ ಮಡಚ್ದಂಗೆ? ಅದುನ್ನ ಸುತ್ತ್‌ಬೇಕು. ಗಳಕ್ಕೆ ಸುತ್ತಿ, ಇಬ್ರು ಎರಡ್ ಕಡೆ ಹಿಡ್ಕೊಂಡು, ಮಗಿನಂಗೆ ಮಲುಗ್ಸಬೇಕು. ಮಡಚುದ್ರೆ ಬಣ್ಣ ಉದುರೋಯ್ತದೆ. ನಮ್ ಮೇಷ್ಟ್ರು ಹೇಳೋರು, ಪರದೆ ಮಡಚ್ದೋನ್ ಮನೇಲಿ ಅನ್ನ ಉಣ್ಬೇಡ ಅಂತ."

ಅಲ್ಲೇ ಹಲಗೆಯ ಮೇಲೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಪೊಲೀಸರು ಹಿಡಿದಾಗ ಅಳದವನು, ರಾತ್ರಿಯೆಲ್ಲ ಠಾಣೆಯ ಬೆಂಚಿನ ಮೇಲೆ ಕೂತಾಗ ಅಳದವನು.

"ನೋಡಿದ್ರಾ ಇನ್ಸ್‌ಪೆಕ್ಟರೇ?" ಅಂದೆ. "ನಾಟಕದ ಅನ್ನ ಉಂಡವನು ಯಾವನೂ ಬಣ್ಣದ ಪರದೆ ಮಡಚೋದಿಲ್ಲ. ಮಡಚಿದವನಿಗೆ ಅದು ಪರದೆ ಅಲ್ಲ, ಬಟ್ಟೆ. ಸುರುಳಿಯಾಗೇ ಇದ್ದಿದ್ರೆ ನಾಲ್ಕು ಆಳು, ಒಂದು ಲಾರಿ ಬೇಕಿತ್ತು. ಮಡಚಿದ್ರೆ ಒಂದು ಕಾರಿನ ಡಿಕ್ಕಿ ಸಾಕು."

ನಾಗಭೂಷಣ್ ಮೀಸೆ ತೀಡಿದರು. ಅವರು ಯೋಚಿಸುವುದೇ ಅಪರೂಪ. ಆ ಅಪರೂಪದ ಗಳಿಗೆಯನ್ನು ನಾನು ಕೆಡಿಸಲಿಲ್ಲ.

"ಯಾವ ಹೊತ್ತಲ್ಲಿ ತಗೊಂಡು ಹೋದ್ರು?" ಅಂದರು ಕೊನೆಗೆ.

"ಗುಂಡಯ್ಯಾ, ಬಾರಪ್ಪ."

ಗುಂಡಯ್ಯ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಭಾನುವಾರ ಮಂತ್ರಿ. ನಾಯಿ ಅಟ್ಟಿಸಿಕೊಂಡು ಬಂದದ್ದು ಇವನನ್ನೇ. ಕಾರ್ಖಾನೆಯ ಖಾಕಿ ಬಟ್ಟೆಯಲ್ಲಿ ಬಂದು ನಿಂತರೂ ಮಂತ್ರಿಯ ಗತ್ತು ಬಿಟ್ಟಿರಲಿಲ್ಲ.

"ದರ್ಬಾರ್ ಸೀನ್ ಸಾರ್. ಏಳು ಗಂಟೆಗೆ ಶುರುವಾದ್ರೆ ನಲವತ್ತು ನಿಮಿಷ. ನಡುವೆ ಪರದೆ ಇಲ್ಲ. ನಂದು ಎಡಗಡೆ ಎಕ್ಸಿಟ್ಟು, ಬಲಗಡೆ ಎಂಟ್ರಿ. ಸುತ್ತಾಕ್ಕೊಂಡು ಓಡ್ತಾ ಇದ್ನಾ, ಹಿಂದಿನ ರೂಮ್ ಬಾಗಿಲು ಅರ್ಧ ತೆಗ್ದಿತ್ತು."

"ಒಳಗೆ ಯಾರಿದ್ರು?" ನಾಗಭೂಷಣ್ ಕೇಳಿದರು.

"ನೋಡ್ಲಿಲ್ಲ."

"ಯಾಕ್ರೀ ನೋಡ್ಲಿಲ್ಲ?"

"ನಂಗೆ ಎಂಟ್ರಿ ಇತ್ತಲ್ಲ ಸಾರ್! ಹಾರ್ಮೋನಿಯಂ ಮೇಷ್ಟ್ರು ಅದೇ ಟ್ಯೂನು ಮೂರನೇ ಸಲ ನುಡಿಸ್ತಾ ಇದ್ರು. ಕಾಲ ಕೆಳಗೆ ನಾಯಿ ಬೇರೆ."

"ಎಷ್ಟು ಗಂಟೆ ಆಗ?"

"ಏಳೂಕಾಲು. ಕೈಲಿ ವಾಚಿತ್ತು. ಮಂತ್ರಿ ವಾಚ್ ಕಟ್ಟಬಾರ್ದು ಅಂತ ಆಮೇಲೆ ಬೈದ್ರು."

ಸದಾಶಿವಯ್ಯ ಗಹಗಹಿಸಿ ನಕ್ಕರು. ನಗು ಹೋಗಿ ಹಿಂಗೋಡೆಗೆ ಬಡಿದು, ಮೇಲ್ಛಾವಣಿಗೆ ಬಡಿದು, ಮೂರು ನಗುವಾಗಿ ವಾಪಸ್ಸು ಬಂತು. ಈ ಭವನದಲ್ಲಿ ಯಾರು ಏನು ಹೇಳಿದರೂ ಮೂರು ಸಲ ಕೇಳಿಸುತ್ತದೆ, ಒಂದು ಸಲವೂ ಅರ್ಥವಾಗುವುದಿಲ್ಲ.

"ನಗಿ ಸದಾಶಿವಯ್ಯನವರೇ," ಅಂದೆ. "ಈ ರಂಗದ ಎತ್ತರ ಎಷ್ಟು?"

ನಗು ನಿಂತಿತು.

"ಎತ್ತರ ಯಾಕಯ್ಯಾ ಈಗ?"

"ಹನ್ನೆರಡು ಅಡಿ. ನಾನೇ ಅಳೆದೆ. ಯಾಕೆ ಹನ್ನೆರಡೇ ಅಡಿ ಅಂದ್ರೆ, ಇದರ ತಲೆ ಮೇಲೆ ನೀವು ವಿಐಪಿ ರೂಮು ಕಟ್ಟಿದೀರಿ, ಬಾತ್‌ರೂಮ್ ಸಮೇತ. ರಾಜ ಇಲ್ಲಿ ಸಿಂಹಾಸನದ ಮೇಲೆ ಕೂತಿರಬೇಕಾದ್ರೆ ಮೇಲೆ ಯಾರೋ ಫ್ಲಶ್ ಎಳೀತಾರೆ. ಇರಲಿ. ದರ್ಬಾರ್ ಪರದೆ ಎತ್ತರ ಎಷ್ಟು? ಅಮ್ಮಾ, ನೀವು ಹೇಳಿ."

"ಹದಿನೆಂಟು," ಅಂದರು ಗಂಗಾಂಬಿಕೆ. ದನಿ ಎತ್ತಲಿಲ್ಲ. ಆದರೂ ಆ ಸಭಾಂಗಣದಲ್ಲಿ ಅರ್ಥವಾದ ಮೊದಲ ಪದ ಅದು.

"ಹದಿನೆಂಟು! ಹನ್ನೆರಡು ಅಡಿ ಜಾಗದಲ್ಲಿ ಇಳಿಬಿಟ್ರೆ ಏನು ಕಾಣುತ್ತೆ? ಕಮಾನು ಕಾಣುತ್ತೆ, ತೋರಣ ಕಾಣುತ್ತೆ, ಕಂಬದ ತುದಿ ಕಾಣುತ್ತೆ. ಸಿಂಹಾಸನ ಮಾತ್ರ ಕೆಳಗಿನ ಸುರುಳಿಯೊಳಗೇ. ಬರೋ ಭಾನುವಾರ ಉದ್ಘಾಟನೆ. ಬೆಂಗಳೂರಿಂದ ಮಂತ್ರಿಗಳು, ಪೇಪರಿನವರು, ನೂರು ವರ್ಷದ ಪರದೆ ನೋಡೋಕೆ ಅಂತಲೇ ಬರೋ ನಾಟಕದವರು. ಎಲ್ಲರ ಮುಂದೆ ಪರದೆ ಇಳಿದು ಅರ್ಧಕ್ಕೇ ನಿಂತ್ರೆ ಯಾರ ಮಾನ ಹೋಗುತ್ತೆ? ಪರದೆಯದ್ದಾ, ಕಟ್ಟಿದವರದ್ದಾ?"

ಸದಾಶಿವಯ್ಯನವರ ಮುಖ ಅವರೇ ಬಳಿಸಿದ ಗೋಡೆಯ ಸುಣ್ಣದ ಬಣ್ಣಕ್ಕೆ ತಿರುಗಿತು.

"ಅದಕ್ಕೇ ನೀವು ಹೋದ ವಾರ ಗುಬ್ಬಿಗೆ ಹೋಗಿ, ಇವರ ಮನೆ ಜಗಲಿ ಮೇಲೆ ಕೂತು, ಏನು ಕೇಳಿದ್ರಿ?"

"ಏನೂ ಕೇಳ್ಲಿಲ್ಲ."

"ಕೇಳಿದರು," ಅಂದರು ಗಂಗಾಂಬಿಕೆ. "ಕೆಳಗಿನ ಆರಡಿ ಕತ್ತರಿಸಿಬಿಡೋಣ ಅಂದರು. ಸಿಂಹಾಸನ ಹೋದ್ರೆ ಹೋಗ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ರಾಯ್ತು ಅಂದರು."

ಗುಂಡಯ್ಯ "ಥೂ" ಅಂದ. ಕಾನ್‌ಸ್ಟೇಬಲ್ ಕೂಡ ಮುಖ ಆ ಕಡೆ ತಿರುಗಿಸಿಕೊಂಡ.

"ಕೇಳಿದ್ದು ತಪ್ಪೇನ್ರೀ?" ಸದಾಶಿವಯ್ಯ ಎದ್ದು ನಿಂತರು, ಎರಡೂ ಕುರ್ಚಿ ಜೊತೆಗೇ ಎದ್ದವು. "ಇಷ್ಟು ದೊಡ್ಡ ಬಿಲ್ಡಿಂಗ್ ಕಟ್ಟಿಸಿದೀನಿ. ಒಂದು ಹಳೇ ಬಟ್ಟೆಗೋಸ್ಕರ ಬಿಲ್ಡಿಂಗ್ ಎತ್ತರಿಸಬೇಕಾ? ಯಾವ ನಾಟಕ ನೋಡೋಕೆ ಯಾರು ಬರ್ತಾರೆ ಈ ಕಾಲದಲ್ಲಿ? ವರ್ಷಕ್ಕೆ ನಾಲ್ಕು ನಾಟಕ, ನಲವತ್ತು ಮದುವೆ. ಮದುವೆಯಿಂದಾನೇ ಕಲೆ ಬದುಕಬೇಕು, ತಿಳ್ಕೊಳ್ಳಿ."

"ಅಂದ್ರೆ ಒಪ್ಕೊಂಡ್ರಿ."

"ಏನ್ ಒಪ್ಕೊಂಡೆ? ಕತ್ತರಿಸೋಣ ಅಂದಿದ್ದು ಒಪ್ಕೊಂಡೆ. ಕದ್ದಿದ್ದಲ್ಲ! ಕೀಲಿಕೈ ಇವನ ಹತ್ರ ಇತ್ತು. ನನ್ನ ಕಣ್ಮುಂದೆ ಇತ್ತು ಅಂತ ಅವನೇ ಹೇಳ್ತಾನೆ."

ಈ ಮಾತಿಗಾಗಿಯೇ ನಾನು ಕಾದಿದ್ದೆ. ಕೋಟು ಸರಿಮಾಡಿಕೊಂಡೆ. ಬೀರಯ್ಯನ ಬಿಡುಗಡೆ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಇನ್ಸ್‌ಪೆಕ್ಟರೇ, ಬೀರಯ್ಯ ಹೇಳೋದು ನಿಜ. ಅವನು ಕೀಲಿಕೈಯನ್ನ ಹಗ್ಗದ ಪಕ್ಕದ ಮೊಳೆಗೆ ತಗಲಿಹಾಕ್ತಾನೆ. ಏಳರಿಂದ ಏಳೂ ನಲವತ್ತರವರೆಗೆ ಅವನು ಹಗ್ಗದ ಹತ್ರಾನೇ ಇದ್ದ, ಕೀಲಿಕೈ ಮೊಳೆ ಮೇಲೇ ಇತ್ತು. ಎರಡನ್ನೂ ನಾನು ಕಣ್ಣಾರೆ ನೋಡಿದೀನಿ, ರೆಪ್ಪೆ ಬಡಿಯದೆ ನಲವತ್ತು ನಿಮಿಷ. ಹಾಗಾದ್ರೆ ಬಾಗಿಲು ತೆಗೆದದ್ದು ಇನ್ನೊಂದು ಕೀಲಿಕೈ. ಬೀಗ ತಂದು ಹಾಕಿದವರ ಹತ್ರ ಮಾತ್ರ ಇರೋಕೆ ಸಾಧ್ಯ."

ನಾಗಭೂಷಣ್ ಸದಾಶಿವಯ್ಯನವರ ಕಡೆ ತಿರುಗಿದರು. ಕಾನ್‌ಸ್ಟೇಬಲ್ ಬೀರಯ್ಯನ ತೋಳಿನ ಮೇಲಿದ್ದ ಕೈ ತೆಗೆದ.

"ನೀವು ನಾಟಕಕ್ಕೆ ಬಂದಿದ್ರಾ?" ಅಂದರು ನಾಗಭೂಷಣ್, ಮತ್ತೆ ನನ್ನ ಕಡೆ ತಿರುಗಿ.

"ಶುರುವಿಂದ ಮಂಗಳದವರೆಗೆ," ಅಂದೆ.

"ಎಲ್ಲಿ ಕೂತಿದ್ದೆ?" ಅಂದರು ಸದಾಶಿವಯ್ಯ.

"ಬಲಗಡೆ, ಮೂರನೇ ಸಾಲು, ಕೊನೆ ಸೀಟು. ನೀವು ಕಟ್ಟಿಸಿದ ಚೆಂದಕ್ಕೆ ಬಲಗಡೆ ಕೂತವರಿಗೆ ಎಡಗಡೆ ಸೈಡ್‌ವಿಂಗು ಪೂರ್ತಿ ಕಾಣುತ್ತೆ. ನಟರು ಬೀಡಿ ಸೇದೋದೂ ಕಾಣುತ್ತೆ. ಈ ಒಂದು ಸಲ ನಿಮ್ಮ ದಡ್ಡತನ ನ್ಯಾಯಕ್ಕೆ ಉಪಯೋಗವಾಯ್ತು."

ಸದಾಶಿವಯ್ಯ ನಿಧಾನವಾಗಿ ಬಲಗಡೆ ನಡೆದರು. ಮೂರನೇ ಸಾಲಿನ ಕೊನೆಯ ಸೀಟಿಗೆ ಹೋಗಿ ಕೂತರು.

"ಇನ್ಸ್‌ಪೆಕ್ಟರೇ, ದಯವಿಟ್ಟು ಇಲ್ಲಿ ಬನ್ನಿ."

ನಾಗಭೂಷಣ್ ಹೋಗಿ ಪಕ್ಕದಲ್ಲಿ ಬಗ್ಗಿ ನೋಡಿದರು. ನಾನು ರಂಗದ ಮೇಲಿಂದ ನೋಡಿದೆ. ನನಗೆ ಸದಾಶಿವಯ್ಯ ಕಾಣಲಿಲ್ಲ. ಎದುರಿಗೆ ಒಂದು ಕಂಬ, ಎರಡಡಿ ದಪ್ಪ, ನೆಲದಿಂದ ಸೂರಿನವರೆಗೆ.

ಕಂಬದ ಹಿಂದಿನಿಂದ ದನಿ ಬಂತು: "ವಿಐಪಿ ರೂಮಿನ ಭಾರಕ್ಕೆ ನಾನೇ ಹಾಕ್ಸಿದ್ದು. ಈ ಸೀಟಲ್ಲಿ ಕೂತವನಿಗೆ ರಂಗಾನೇ ಕಾಣಲ್ಲ, ಸೈಡ್‌ವಿಂಗ್ ಎಲ್ಲಿಂದ ಬಂತು? ಟಿಕೆಟ್ಟೇ ಮಾರಿಲ್ಲ ಇದಕ್ಕೆ. ಏನಯ್ಯಾ ಪತ್ತೇದಾರ, ಸಿಮೆಂಟಿನೊಳಗಿಂದ ನೋಡಿದ್ಯಾ?"

ಇಷ್ಟು ದಿನ ಈ ಕಟ್ಟಡವನ್ನು ಬೈಯುತ್ತಾ ಬಂದೆ, ಒಳಗೆ ಕೂತು ಒಂದು ನಾಟಕ ನೋಡಿರಲಿಲ್ಲ.

"ನಾಲ್ಕನೇ ಸಾಲು," ಅಂದೆ. "ನಾಲ್ಕನೇದು ಇರಬೇಕು."

"ರೀ ಕನಕರಾಜು." ನಾಗಭೂಷಣ್ ವಾಪಸ್ಸು ಬಂದು ನನ್ನ ಮುಖದ ಹತ್ತಿರ ನಿಂತರು. "ಭಾನುವಾರ ನೀವು ಇಲ್ಲಿದ್ರಾ, ಇಲ್ವಾ? ಸುಳ್ಳು ಸಾಕ್ಷಿಗೆ ಏನು ಶಿಕ್ಷೆ ಗೊತ್ತಲ್ಲ?"

"ಇದ್ದೆ."

"ಹಾಗಾದ್ರೆ ದರ್ಬಾರ್ ಸೀನಲ್ಲಿ ಏನಾಯ್ತು ಹೇಳಿ."

ನಾನು ಗುಂಡಯ್ಯನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ರಾಜ ಬಂದ, ಹಾಡಿದ, ಮಂತ್ರಿ ಬೈದ ಅಂತ ತಡವರಿಸಿದೆ. ನನ್ನ ದನಿ ಆ ಛಾವಣಿಗೆ ಬಡಿದು ಮೂರು ಮೂರು ಸಲ ತಡವರಿಸಿತು.

"ಸಾಕು," ಅಂದರು ನಾಗಭೂಷಣ್. "ಕಾನ್‌ಸ್ಟೇಬಲ್, ಮುದುಕನ್ನ ಜೀಪಿಗೆ ಹತ್ತಿಸು. ಐದು ಗಂಟೆ ಯಾಕೆ, ಈಗಲೇ ಹೋಗೋಣ."

ಬೀರಯ್ಯ ತಾನಾಗಿಯೇ ಎದ್ದ. ಹೆಗಲ ಮೇಲಿನ ಟವಲ್ಲು ಕೊಡವಿದ. ನನ್ನ ಪಕ್ಕ ಹಾದುಹೋಗುವಾಗ, ತುಟಿ ಅಲ್ಲಾಡಿಸದ ಹಾಗೆ ಅಂದ: "ಹೇಳ್‌ಬ್ಯಾಡಿ ಸ್ವಾಮಿ. ಬುಡಿ. ನಾನ್ ಒಯ್ತೀನಿ."

ಜೈಲಿಗೆ ಹೋಗಲು ತಯಾರಿದ್ದ. ಬಾಯಿ ಬಿಡಲು ತಯಾರಿರಲಿಲ್ಲ. ಯಾಕೆ ಅಂತ ಆ ಇಡೀ ಭವನದಲ್ಲಿ ಗೊತ್ತಿದ್ದದ್ದು ನನಗೆ, ಅವನಿಗೆ.

ಅವನು ಎರಡು ಮೆಟ್ಟಿಲು ಇಳಿದ. ಮೂರನೆಯದಕ್ಕೆ ಕಾಲಿಡುವಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನಿಲ್ಲಿ ಸಾರ್. ಅವನು ಹಗ್ಗದ ಹತ್ರ ಇರಲಿಲ್ಲ."

"ಸ್ವಾಮಿ!" ಅಂದ ಬೀರಯ್ಯ.

"ಏಳರಿಂದ ಏಳೂವರೆವರೆಗೆ ಇರಲಿಲ್ಲ. ನನ್ನ ಜೊತೆ ಇದ್ದ. ಗುಬ್ಬಿ ಗೇಟಿನ ಹೋಟೆಲಲ್ಲಿ ತಟ್ಟೆ ಇಡ್ಲಿ ತಿಂತಾ ಇದ್ವಿ. ಬೇಕಾದ್ರೆ ಸಪ್ಲೈಯರ್‌ನ ಕೇಳಿ, ಎರಡು ಸಲ ಚಟ್ನಿ ಹಾಕಿಸ್ಕೊಂಡೆ. ಕೀಲಿಕೈ ಮೊಳೆ ಮೇಲೇ ಬಿಟ್ಟು ಬಂದಿದ್ದ. ಯಾರು ಬೇಕಾದ್ರೂ ತಗೊಂಡು, ಬಾಗಿಲು ತೆಗೆದು, ವಾಪಸ್ಸು ತಗಲಿಹಾಕಬಹುದಿತ್ತು."

ಬೀರಯ್ಯ ಮೆಟ್ಟಿಲ ಮೇಲೇ ಕುಸಿದು ಕೂತ. "ಯಾಕ್ ಹೇಳ್ಬುಟ್ರಿ?" ಅಂದ. "ಕಳ್ಳ ಅಂದ್ರೆ ಅನ್ಲಿ ಅಂತಿದ್ದೆ. ಆಟ ನಡೀತಿರಬೇಕಾದ್ರೆ ಹಗ್ಗ ಬುಟ್ಟು ಹೋದೋನು ಅಂದ್ರೆ ಯಾವ್ ಮುಖ ಹೊತ್ಕೊಂಡು ಗುಬ್ಬಿಗೆ ಹೋಗ್ಲಿ? ನನ್ ಹೆಂಡ್ರು ಹೆರಿಗೆಗೆ ಮಲಗಿದ್ದಾಗ್ಲೂ ನಾನು ಹಗ್ಗ ಬುಟ್ಟಿರ್ನಿಲ್ಲ."

ಗುಂಡಯ್ಯ ಅವನ ಪಕ್ಕ ಹೋಗಿ ಕೂತ.

"ಇದನ್ನ ನಿನ್ನೆ ರಾತ್ರಿಯೇ ಯಾಕ್ರೀ ಹೇಳ್ಲಿಲ್ಲ?" ನಾಗಭೂಷಣ್ ಹಲ್ಲು ಕಡಿದರು. "ಒಂದು ರಾತ್ರಿ ಬೆಂಚ್ ಮೇಲೆ ಕೂರಿಸಿದೀನಿ ಇವನನ್ನ!"

"ಹೇಳಿದ್ರೆ ನನ್ನ ಮಾನ ಹೋಗುತ್ತಿತ್ತು ಸಾರ್. ಪರದೆ ಕದಿಯೋ ಹೊತ್ತಿಗೆ ಕಾವಲಿನವನನ್ನ ಎಬ್ಬಿಸಿಕೊಂಡು ಹೋದ ಪತ್ತೇದಾರ ಅಂದ್ರೆ ನಾಳೆಯಿಂದ ನನ್ನ ಹತ್ರ ಯಾರು ಬರ್ತಾರೆ? ಕಳ್ಳನನ್ನ ನಾನೇ ಹಿಡಿದುಬಿಟ್ರೆ ಅರ್ಧ ಗಂಟೆಯ ಲೆಕ್ಕ ಯಾರೂ ಕೇಳಲ್ಲ ಅಂದ್ಕೊಂಡೆ."

"ನೀವಾಗೇ ಕರ್ಕೊಂಡು ಹೋದ್ರಾ?"

ನಾನು ಚಕ್ಕೆಗಳ ಪೊಟ್ಟಣವನ್ನು ಮತ್ತೆ ಮಡಚತೊಡಗಿದೆ.

"ಕನಕರಾಜು, ಕಿವಿ ಕೇಳ್ತಿದ್ಯಾ? ಅವನನ್ನ ಕರ್ಕೊಂಡು ಹೋಗು ಅಂತ ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು. ಭಾನುವಾರ ಮಧ್ಯಾಹ್ನ ನನ್ನ ಆಫೀಸಿಗೇ ಬಂದಿದ್ರು. ಬೀರಯ್ಯ ಬೆಳಗ್ಗೆಯಿಂದ ಏನೂ ತಿಂದಿಲ್ಲ, ದರ್ಬಾರ್ ಸೀನ್ ಉದ್ದ ಇದೆ, ಆ ಹೊತ್ತಲ್ಲಿ ಕರ್ಕೊಂಡು ಹೋಗಿ ಏನಾದ್ರೂ ತಿನ್ನಿಸಿ ಅಂದ್ರು. ನಿಮ್ಮ ಸಾಹಸ ಕೇಳೋಕೆ ಅವನು ಪ್ರಾಣ ಬಿಡ್ತಾನೆ, ನೀವು ಕರೆದ್ರೆ ಮಾತ್ರ ಹಗ್ಗ ಬಿಟ್ಟು ಬರ್ತಾನೆ ಅಂದ್ರು. ನಾನು ನಂಬಿದೆ. ನನ್ನ ಬಗ್ಗೆ ಒಳ್ಳೆ ಮಾತು ಯಾರು ಹೇಳಿದ್ರೂ ನಾನು ನಂಬ್ತೀನಿ."

ಎಲ್ಲರೂ ಸದಾಶಿವಯ್ಯನವರ ಕಡೆ ನೋಡಿದರು. ಅವರು ಕಂಬದ ಪಕ್ಕದಿಂದ ಎದ್ದು ಬಂದು, ಬೆವರು ಒರೆಸಿಕೊಳ್ಳುತ್ತಿದ್ದರು. ಆ ಬಾತ್‌ರೂಮು, ಆ ಪ್ಲಾಸ್ಟಿಕ್ ಕುರ್ಚಿ, ಆ ಹದಿನಾರು ನಲ್ಲಿ. ಇವರೇ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಲ್ಲಿದ್ದ ಒಬ್ಬರೂ ಅನುಮಾನ ಪಡುತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸುಲಭದ ಸುಳ್ಳು ಇನ್ನೊಂದು ಸಿಕ್ಕಿರಲಿಲ್ಲ.

"ಯಾರು?" ಅಂದರು ನಾಗಭೂಷಣ್.

"ಇವರಲ್ಲ ಸಾರ್," ಅಂದೆ. "ಗಂಗಾಂಬಿಕಮ್ಮನವರು."

"ಕತ್ತರಿಸೋದಕ್ಕಿಂತ ಮಡಚೋದು ಮೇಲು ಅನ್ನಿಸ್ತು, ಬೀರಯ್ಯಾ," ಅಂದರು ಗಂಗಾಂಬಿಕೆ.